ಕೊಂಬಿನ ಗೂಗಿಯ ಪಾಠ

ಬಾದಾಮಿಯಲ್ಲಿ ಎರಡು ದಿನದ ತರಬೇತಿ ಇದೆ, ಹೋಗೋಣ ಎಂದು ಮೊದಲು ಹೇಳಿದವಳು ನನ್ನ ಗೆಳತಿಯೇ. ಸಂಕ್ರಾಂತಿ ಮುಗಿದ ವಾರ. ನಾನು ಇಳಕಲ್ಲಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ, ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದೆ.

"ಮಕ್ಕಳನ್ನ ಗುಡ್ಡಕ್ಕ, ಹೊಳಿಗೆ ಕರಕೊಂಡು ಹೋದಾಗ ಅಲ್ಲಿ ಹೆಂಗ ಇರಬೇಕು ಅನ್ನೂದನ್ನ ಕಲಿಸಬೇಕಲ್ಲ, ಅದನ್ನ ಹೆಂಗ ಕಲಿಸೂದು ಅಂತ ಮಾಸ್ತರಗೋಳಿಗೆ ಕಲಿಸ್ತಾರಂತ. ನಿನಗ ಮಾಡಿಸಿದಂಗ ಐತಿ ನೋಡು," ಅಂದಳು.

ನಿಜವಾಗಿಯೂ ನನಗೆ ಮಾಡಿಸಿದ ಹಾಗೇ ಇತ್ತು. ನಾನು ಹುನಗುಂದ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವಳು ಬಾಗಲಕೋಟೆಯಲ್ಲಿ ಒಂದು ದೊಡ್ಡ ಶಾಲೆಯಲ್ಲಿ ಸಮಾಜ ಕಲಿಸುತ್ತಾಳೆ. ಬಿ.ಎಡ್. ಓದುವಾಗ ಬಾಗಲಕೋಟೆಯಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿದ್ದೆವು. ನನಗೆ ಟೈಫಾಯ್ಡ್ ಆದಾಗ ಹತ್ತು ದಿನ ನನ್ನ ತಲೆ ಬಾಚಿದವಳು ಅವಳು. ಅವಳ ಮದುವೆ ಮಾತುಕತೆಯಲ್ಲಿ ಅವಳ ಪರವಾಗಿ ಅವರಪ್ಪನ ಹತ್ತಿರ ಮಾತಾಡಿದವಳು ನಾನು. ಇಪ್ಪತ್ತು ವರ್ಷದಲ್ಲಿ ನಾವು ಜಗಳಾಡಿದ್ದು ನೆನಪಿಲ್ಲ.

ತರಬೇತಿ ನಡೆಸುವವರು ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಹಾಕಿ ಹತ್ತಿಸುವ ಒಂದು ಸಣ್ಣ ತಂಡ. ಅದರ ಮುಖ್ಯಸ್ಥರು ಫೋನಿನಲ್ಲಿ ವಿವರಿಸಿದರು. ಬರುವವರು ಸುಮ್ಮನೆ ಕೂತು ಕೇಳುವಂತಿಲ್ಲ. ಪ್ರತಿಯೊಬ್ಬರೂ ಒಂದೊಂದು ವಿಷಯದ ಮೇಲೆ ಹದಿನೈದು ನಿಮಿಷದ ಪಾಠ ತಯಾರಿಸಿಕೊಂಡು ಬರಬೇಕು. ಕರಿಹಲಗೆ ಇಲ್ಲ, ಚಾರ್ಟು ಇಲ್ಲ. ಮರದ ಕೆಳಗೆ ನಿಂತು, ಕೈಗೆ ಸಿಕ್ಕಿದ್ದನ್ನೇ ಹಿಡಿದು ಕಲಿಸಬೇಕು. ನನಗೆ ಬಂದ ವಿಷಯ, ಕಾಡಿನ ಪ್ರಾಣಿ ಪಕ್ಷಿಗಳಿಗೆ ತೊಂದರೆ ಕೊಡದಿರುವುದು. ಅವಳಿಗೆ ಬಂದದ್ದು, ಬಯಲಿನಲ್ಲಿ ಶೌಚಕ್ಕೆ ಹೋಗಬೇಕಾದರೆ ಹೇಗೆ ಹೋಗುವುದು. ಅದನ್ನು ಹೇಳಲು ಮತ್ತೊಂದು ಸಂಜೆ ಫೋನು ಮಾಡಿ ಅವಳು ಎಷ್ಟು ನಕ್ಕಳೆಂದರೆ ನನ್ನ ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ನನಗೆ ಈ ವಿಷಯದಲ್ಲಿ ಹುಚ್ಚು ಹತ್ತಿದ್ದಕ್ಕೆ ಒಂದು ಕಾರಣವಿತ್ತು, ಅದು ಹೆಮ್ಮೆಯ ಕಾರಣವಲ್ಲ. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಒಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಅದು ಹುನಗುಂದಕ್ಕೂ ಬಾದಾಮಿಗೂ ನಡುವೆ ಇದೆ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಬುತ್ತಿ ಬಿಚ್ಚಿ ತಿಂದೆವು, ಹಾಡಿದೆವು, ಬಸ್ಸು ಹತ್ತಿದೆವು. ಹದಿನೈದು ದಿನ ಬಿಟ್ಟು ನಾನೊಬ್ಬಳೇ ಗಿಡಗಳ ಫೋಟೋ ತೆಗೆಯಲು ಮತ್ತೆ ಹೋದಾಗ ಒಬ್ಬ ಕುರಿ ಕಾಯುವ ಹೆಣ್ಣುಮಗಳು ನನ್ನನ್ನು ಅಡ್ಡಗಟ್ಟಿದಳು. ಹಣೆಯ ತುಂಬ ಬೀರಪ್ಪನ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ನನ್ನದೇ ವಯಸ್ಸು ಇದ್ದೀತು.

"ಅವತ್ತು ಸಾಲಿ ಹುಡುಗರನ್ನ ಕರಕೊಂಡು ಬಂದಾಕಿ ನೀನೇ ಅಲ್ಲ?"

ಹೌದು ಅಂದೆ.

"ನಿಮ್ಮ ಹುಡುಗ್ರು ತಿಂದು ಒಗದು ಹೋದ್ರು. ಪ್ಲಾಸ್ಟಿಕ್ ಚೀಲದಾಗ ಉಪ್ಪಿನಕಾಯಿ ಹತ್ತಿತ್ತು. ನನ್ನ ಕುರಿ ಚೀಲ ಸಮೇತ ನುಂಗಿತು. ಹೊಟ್ಟಿ ಉಬ್ಬಿ ಮೂರು ದಿನ ಒದ್ದಾಡಿ ಸತ್ತಿತು. ಹೊಟ್ಟ್ಯಾಗ ಮರಿ ಇತ್ತು."

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಮಾಡಿದಳು. "ಕಲಿಸೋರು ನೀವು. ನೀವೇ ಹಿಂಗ ಮಾಡಿದ್ರ?" ಎಂದು ಕೇಳಿ ಕುರಿಗಳ ಹಿಂದೆ ಹೋಗಿಬಿಟ್ಟಳು.

ಮುಂದಿನ ಭಾನುವಾರ ನಾನು ಒಂದು ಗೋಣಿಚೀಲ ತೆಗೆದುಕೊಂಡು ಹೋಗಿ ಆ ಗುಡ್ಡದ ಕಸ ಆರಿಸಿದೆ. ಅದರ ಮುಂದಿನ ಭಾನುವಾರವೂ ಹೋದೆ. ಮೂರನೆಯ ಸಲ ಅವಳೇ ಬಂದು ಚೀಲದ ಬಾಯಿ ಹಿಡಿದಳು. ಹಾಗೆ ಶುರುವಾದದ್ದು ನಮ್ಮ ಪರಿಚಯ. ನಾನು ಶೇಂಗಾ ಚಟ್ನಿ ಒಯ್ಯುತ್ತಿದ್ದೆ, ಅವಳು ಮಜ್ಜಿಗೆ ಕೊಡುತ್ತಿದ್ದಳು. ಯಾವ ಹುಲ್ಲು ಯಾವಾಗ ಮೇಯಿಸಬೇಕು, ಯಾವ ಹಳ್ಳದ ಗುಂಡಿಗೆ ಕುರಿ ಇಳಿಸಬಾರದು, ಹಕ್ಕಿ ಕೂಗು ಬದಲಾದರೆ ಏನು ಅರ್ಥ, ಎಲ್ಲ ಅವಳಿಗೆ ಗೊತ್ತಿತ್ತು. ಒಂದು ವರ್ಷ ದಾಟಿದ ಮೇಲೆ ಒಂದು ದಿನ ಅವಳು ನನ್ನನ್ನು ಒಂದು ಕೊರಕಲಿನ ಈಚೆ ದಂಡೆಗೆ ಕರೆದೊಯ್ದು ಕೂಡಿಸಿದಳು. ಆಚೆ ಬಂಡೆಯ ಮಧ್ಯದಿಂದ ಹೊರಗೆ ಬಂದ ಚಾಚಿನ ಮೇಲೆ, ಬರೀ ಮಣ್ಣಿನಲ್ಲಿ, ಒಂದು ದೊಡ್ಡ ಕೊಂಬಿನ ಗೂಬೆ ಕಾವು ಕೂತಿತ್ತು. ನಮ್ಮ ಕಡೆ ಅದಕ್ಕೆ ಗೂಗಿ ಅನ್ನುತ್ತೇವೆ. ಕಿತ್ತಳೆ ಬಣ್ಣದ ಕಣ್ಣು ನಮ್ಮ ಮೇಲೆ ನೆಟ್ಟಿತ್ತು.

"ನಮ್ಮತ್ತಿ ನನಗ ತೋರಿಸಿದ್ಲು," ಅಂದಳು. "ಮಂದಿ ಅಪಶಕುನ ಅಂತಾರ. ಅಮಾಸಿ ಪೂಜಿಗೆ ಅಂತ ಹಿಡಕೊಂಡು ಹೋಗೋರೂ ಅದಾರ. ಅದಕ್ಕ ಮರಿ ಹಾರೂತನ ಈ ಕಡೆ ನಾವು ಕುರಿ ಸುದ್ದಾ ಬಿಡಂಗಿಲ್ಲ. ಯಾರಿಗೂ ಹೇಳಬ್ಯಾಡ."

ಹೇಳುವುದಿಲ್ಲ ಅಂದೆ. ಆ ವರ್ಷ ಎರಡು ಮರಿ ಹಾರಿದವು.

ಈಗ ತರಬೇತಿಯ ತಯಾರಿಗೆ ಬರುತ್ತೇನೆ. ಗೆಳತಿ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಾಗಲಕೋಟೆಯಿಂದ ನಮ್ಮ ಮನೆಗೆ ಬರತೊಡಗಿದಳು. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನಾನು ಪಾಠವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ನನ್ನ ಪಾಠದಲ್ಲಿ ಒಂದು ಆಟ ಇತ್ತು. ಒಬ್ಬರು ಹಕ್ಕಿಯಾಗಿ ಕೂರುವುದು, ಉಳಿದವರು ಒಂದೊಂದೇ ಹೆಜ್ಜೆ ಹತ್ತಿರ ಬರುವುದು, ತನಗೆ ಯಾವಾಗ ಮುಜುಗರವಾಯಿತೋ ಆಗ ಹಕ್ಕಿಯಾದವರು ಕೈ ಎತ್ತುವುದು. ಆ ಆಟದ ಕೊನೆಗೆ ಹೇಳಲು ಒಂದು ಮಾತು ಬರೆದುಕೊಂಡಿದ್ದೆ: "ಹಕ್ಕಿ ನಿಮ್ಮನ್ನು ನೋಡಿ ಮೈ ಉಬ್ಬಿಸಿತು ಅಂದರೆ, ನೀವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ." ಆ ಮಾತು ಗುಡ್ಡದಲ್ಲಿ ಕುರುಬ ಹೆಣ್ಣುಮಗಳ ಪಕ್ಕ ಕೂತಾಗ ನನಗೆ ಹೊಳೆದದ್ದು.

ಗೆಳತಿ ಓದಿ ತಲೆದೂಗಿದಳು. "ಭಾಳ ಛಲೋ ಬಂದೈತಿ. ಆದ್ರ ಹಕ್ಕಿ ಯಾವುದು? ಎಲ್ಲಿ ನೋಡಿದಿ?"

ನಾನು ಹೇಳಬಾರದಿತ್ತು. ಹೇಳಿದ್ದಕ್ಕೆ ಕಾರಣ ಪಾಠವಲ್ಲ. ನನ್ನ ಹತ್ತಿರ ಒಂದು ಗುಟ್ಟು ಇದೆ, ಅದನ್ನು ನನ್ನ ಅತ್ಯಂತ ಹತ್ತಿರದವಳಿಗೆ ತೋರಿಸಿ ಅವಳ ಕಣ್ಣು ಅರಳುವುದನ್ನು ನೋಡಬೇಕು ಎನ್ನುವ ಆಸೆ. ಅಷ್ಟೇ. ಆದರೂ ಒಂದು ಮಾತು ತೆಗೆದುಕೊಂಡೆ.

"ಯಾರಿಗೂ ಹೇಳಂಗಿಲ್ಲ. ನಿನ್ನ ಗಂಡಗ ಸುದ್ದಾ."

"ತುಳಸಿಗೇರಿ ಹನುಮಪ್ಪನ ಆಣಿ," ಅಂದಳು. ಅವಳು ಶನಿವಾರ ತಪ್ಪದೆ ತುಳಸಿಗೇರಿಗೆ ಹೋಗಿ ಬರುವವಳು. ಅವಳ ಬಾಯಲ್ಲಿ ಆ ಆಣೆ ಸುಮ್ಮನೆ ಬರುವ ಮಾತಲ್ಲ.

ಜನವರಿ ಕೊನೆಯಲ್ಲಿ ಇಬ್ಬರೂ ಹೋದೆವು. ಗೂಗಿ ಅದೇ ಚಾಚಿನ ಮೇಲೆ ಕೂತಿತ್ತು. ಒಮ್ಮೆ ಎದ್ದು ತಿರುಗಿ ಕೂತಾಗ ಅದರ ಹೊಟ್ಟೆಯ ಕೆಳಗೆ ಮೂರು ಬಿಳಿ ಮೊಟ್ಟೆ ಕಂಡವು. ಗೆಳತಿ ನನ್ನ ಕೈ ಬಿಗಿಯಾಗಿ ಹಿಡಿದಳು. ಈಚೆ ದಂಡೆಯಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳು ನನ್ನ ನೋಟ್‌ಬುಕ್ಕಿನ ಹಾಳೆಗಳ ಫೋಟೋ ತೆಗೆದುಕೊಂಡಳು. ಭಾಷೆಯ ತಪ್ಪು ತಿದ್ದಿ ಕಳಿಸುತ್ತೇನೆ ಅಂದಳು. ಅಮೀನಗಡದಲ್ಲಿ ಇಳಿದು ಚಹಾ ಕುಡಿದೆವು. ನನಗೆ ಅವತ್ತಿನಷ್ಟು ಸಂತೋಷ ಇತ್ತೀಚೆಗೆ ಆಗಿರಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಮನೆಯಲ್ಲಿ ನೆಂಟರು ಅಂದಳು. ಅದರ ಮುಂದಿನ ಭಾನುವಾರವೂ ಏನೋ ಒಂದು.

ಫೆಬ್ರವರಿ ಮಧ್ಯದ ಒಂದು ಮಧ್ಯಾಹ್ನ, ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಊಟದ ಡಬ್ಬಿ ತೆರೆದಿದ್ದೆ. ಕನ್ನಡ ಕಲಿಸುವ ಸಹೋದ್ಯೋಗಿ ಫೋನು ಮುಂದೆ ಹಿಡಿದರು. "ಇವರು ನಿಮ್ಮ ಗೆಳತಿ ಅಲ್ರೀ ಮೇಡಂ? ಎಷ್ಟ್ ಛಂದ ಮಾತಾಡ್ಯಾರ್ರಿ."

ವಿಡಿಯೊದಲ್ಲಿ ನನ್ನ ಗೆಳತಿ ಇದ್ದಳು. ಈಚೆ ದಂಡೆಯಲ್ಲಿ ಅಲ್ಲ. ಬಂಡೆಯ ಚಾಚಿನ ಮೇಲೆ, ಗೂಡಿನಿಂದ ಒಂದು ಮಾರು ದೂರದಲ್ಲಿ. ಹಿಂದೆ ಗೂಗಿ ರೆಕ್ಕೆ ಮೊರದಗಲ ಬಿಚ್ಚಿ, ಮೈ ಉಬ್ಬಿಸಿ, ಕೊಕ್ಕು ಕಟಕಟ ಕಡಿಯುತ್ತಿತ್ತು. ಗೆಳತಿ ಕ್ಯಾಮೆರಾ ನೋಡಿ ಮೆಲ್ಲಗಿನ ದನಿಯಲ್ಲಿ ಹೇಳುತ್ತಿದ್ದಳು, "ಹಕ್ಕಿ ನಿಮ್ಮನ್ನು ನೋಡಿ ಮೈ ಉಬ್ಬಿಸಿತು ಅಂದರೆ, ನೀವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ."

ನನ್ನ ಮಾತು, ಒಂದಕ್ಷರವೂ ಬದಲಾಗಿರಲಿಲ್ಲ. ಕೊನೆಗೆ ಕ್ಯಾಮೆರಾ ನಿಧಾನವಾಗಿ ಸುತ್ತಿ ಕೆಳಗಿನ ಕೆರೆ, ಅದರ ದಂಡೆಯ ಗುಡಿಯ ಶಿಖರ ತೋರಿಸಿತು. ಆ ಸೀಮೆಯ ಯಾರು ನೋಡಿದರೂ ಇದು ಯಾವ ಗುಡ್ಡ ಅಂತ ಹೇಳಿಬಿಡುತ್ತಿದ್ದರು. ನಾನು ಡಬ್ಬಿ ಮುಚ್ಚಿದೆ. ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ಫೋನು ಮಾಡಿದೆ.

"ಏ, ನಾನೇ ಫೋನ್ ಮಾಡಬೇಕು ಅಂತಿದ್ದೆ," ಅಂದಳು. ದನಿಯಲ್ಲಿ ಹಿಗ್ಗು ತುಂಬಿತ್ತು. "ನೋಡಿದ್ಯಾ? ಎಷ್ಟ್ ಮಂದಿ ನೋಡ್ಯಾರ ಗೊತ್ತೇನು?"

"ಆಣಿ ಮಾಡಿದ್ದಿ ನೀ."

"ನಾ ಊರ ಹೆಸರು ಹೇಳಿಲ್ಲಲ್ಲ! ಗುಡ್ಡದ ಹೆಸರೂ ಹೇಳಿಲ್ಲ. ಮಂದಿಗೆ ತಿಳುವಳಿಕಿ ಬರಲಿ ಅಂತ ಮಾಡೇನಿ. ತಪ್ಪೇನೈತಿ ಅದ್ರಾಗ?"

"ಯಾರು ವಿಡಿಯೊ ತಗದ್ರು?"

"ನಮ್ಮ ಸಾಲಿಯವರು. ನಾಕು ಮಂದಿ ಹೋಗಿದ್ವಿ."

ನಾಲ್ಕು ಮಂದಿ. ನೆಂಟರು ಬಂದಿದ್ದಾರೆ ಎಂದ ಭಾನುವಾರವೇ ಇರಬೇಕು ಅದು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ನಾನು ಫೋನು ಇಟ್ಟೆ.

ಎರಡು ದಿನ ಬಿಟ್ಟು ತರಬೇತಿಯ ಮುಖ್ಯಸ್ಥರು ಫೋನು ಮಾಡಿದರು. ಅವರದು ಸೌಜನ್ಯದ ದನಿ. ನಿಮ್ಮ ಗೆಳತಿಯ ವಿಡಿಯೊ ನಮಗೆಲ್ಲ ಹಿಡಿಸಿದೆ, ಪಕ್ಷಿಯ ಪಾಠವನ್ನು ಅವರೇ ಮಾಡಲಿ ಎಂದು ನಿರ್ಧರಿಸಿದ್ದೇವೆ, ಮೊದಲ ದಿನದ ಮೊದಲ ಪಾಠ, ನಮ್ಮ ಜೊತೆ ಸಹ-ತರಬೇತುದಾರರಾಗಿ ನಿಲ್ಲುತ್ತಾರೆ. "ನೀವು ಒಪ್ಪಿದ್ದೀರಿ ಅಂತ ಅವರು ಹೇಳಿದ್ರು. ಅವರ ವಿಷಯ ನೀವು ತಗೊಳ್ತೀರಿ ಅಲ್ವಾ?"

ಅವರ ವಿಷಯ ಎಂದರೆ ಶೌಚದ ಪಾಠ. ನಾನು ಒಪ್ಪಿರಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ಬಾಯಿಂದ "ಆಯ್ತು" ಅಂತಲೇ ಬಂತು. ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲ. ಒಬ್ಬ ಅಪರಿಚಿತರ ಎದುರು ನನ್ನ ಗೆಳತಿ ಸುಳ್ಳುಗಾತಿ ಎನ್ನಲು ಬಾಯಿ ಬರಲಿಲ್ಲ ಎಂದು ಕಾಣುತ್ತದೆ.

ಭಾನುವಾರ ಗುಡ್ಡಕ್ಕೆ ಹೋದೆ. ಕಾಲುದಾರಿಯ ಬಾಯಿಗೇ ಬೈಕುಗಳ ಗಾಲಿಯ ಗುರುತು ಕಂಡವು. ಬಂಡೆಯ ಮೇಲೆ ಯಾರೋ ಇದ್ದಿಲಿನಿಂದ ಬಾಣದ ಗುರುತು ಹಾಕಿದ್ದರು. ಕೊರಕಲಿನ ತುಂಬ ಗುಟಕಾ ಚೀಟು, ನೀರಿನ ಬಾಟಲಿ. ಚಾಚಿನ ಮೇಲೆ ಗೂಗಿ ಇರಲಿಲ್ಲ. ಒಂದು ಮೊಟ್ಟೆ ಒಡೆದು ಅದರ ಸುತ್ತ ಇರುವೆ ಹತ್ತಿದ್ದವು. ಎರಡು ಹಾಗೇ ಇದ್ದವು. ಅವತ್ತು ಮೊದಲ ಸಲ ನಾನು ಆ ಚಾಚಿನ ಮೇಲೆ ಹತ್ತಿದೆ. ಬೆರಳ ತುದಿಯಿಂದ ಮುಟ್ಟಿದೆ. ನೆರಳಿನಲ್ಲಿ ಬಿದ್ದ ಕಲ್ಲಿನ ಹಾಗೆ ತಣ್ಣಗಿದ್ದವು.

ಇಳಿದು ಬಂದಾಗ ಕುರುಬ ಹೆಣ್ಣುಮಗಳು ಈಚೆ ದಂಡೆಯಲ್ಲಿ ಕೋಲು ಊರಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಎಂಟು ದಿನದಿಂದ ಮಂದಿ ಬರಾಕ್ಹತ್ಯಾರ," ಅಂದಳು. "ಕಲ್ಲು ಒಗದು ಎಬ್ಬಿಸಿ ಫೋಟೋ ತಗೋತಾರ. ನಾ ಎಷ್ಟ್ ಅಂತ ಓಡಿಸಲಿ? ಗೂಗಿ ಆಚಿ ಗುಡ್ಡಕ್ಕ ಹೋಗಿ ಕುಂತು ಎರಡು ದಿನ ಒದರಿತು. ಆಮ್ಯಾಲೆ ಕಾಣಲಿಲ್ಲ."

ನಾನು ಕಾಲ ಬಳಿ ಬಿದ್ದಿದ್ದ ಒಂದು ಬಾಟಲಿ ಎತ್ತಿಕೊಂಡೆ.

"ನೀ ಹೇಳಿದ್ಯಾ?"

"ಹೂಂ. ಒಬ್ಬಾಕಿಗೆ."

"ನಾನೂ ಒಬ್ಬಾಕಿಗೇ ಹೇಳಿದ್ದೆ," ಅಂದಳು.

ಬಯ್ಯಲಿಲ್ಲ. ಕುರಿಗಳನ್ನು ತಿರುಗಿಸಿಕೊಂಡು ಇಳಿದು ಹೋದಳು. ನಾನು ಕೊರಕಲಿನ ಕಸ ಆರಿಸಿ ದುಪಟ್ಟಾದಲ್ಲಿ ಗಂಟು ಕಟ್ಟಿದೆ. ಗೆಳತಿ ನನಗೆ ಮಾಡಿದ್ದನ್ನೇ ನಾನು ಈ ಹೆಣ್ಣುಮಗಳಿಗೆ ಮಾಡಿದ್ದೆ. ಹಾಗಂತ ಗೆಳತಿಯ ಮೇಲಿನ ಸಿಟ್ಟು ಕಡಿಮೆಯಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ತರಬೇತಿಗೆ ಹೋಗಬಾರದು ಅಂತ ಮೂರು ದಿನ ಅಂದುಕೊಂಡೆ. ನಾಲ್ಕನೇ ದಿನ ಕೈಯಲ್ಲಿ ಸಣ್ಣ ಸಲಿಕೆ ಹಿಡಿದು ಹಿತ್ತಲಿಗೆ ಹೋದೆ. ಪಾಠ ತಯಾರಿಸಬೇಕಿತ್ತಲ್ಲ. ನೀರಿನಿಂದ ಎಪ್ಪತ್ತು ಹೆಜ್ಜೆ ದೂರ, ಒಂದು ಗೇಣು ಆಳ, ಮೇಲಿನ ಮಣ್ಣು ಬೇರೆ ತೆಗೆದಿಟ್ಟು ಮತ್ತೆ ಅದೇ ಮಣ್ಣು ಮುಚ್ಚಬೇಕು. ನಮ್ಮ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು, "ಏನ್ ಹೂಳಾಕ್ಹತ್ತೀಯವ್ವಾ?" ಅಂತ ಕೇಳಿದಳು. ನಾನು ಹೇಳಿದೆ. ಅವಳು ಹಣೆ ಬಡಿದುಕೊಂಡು, "ಇದನ್ನ ಕಲಿಸಾಕ ತರಬೇತಿ ಬೇಕೇನ? ನಮ್ಮ ಕಾಲದಾಗ ಎಲ್ಲಾರೂ ಬಯಲಿಗೇ ಹೋಗ್ತಿದ್ವಿ," ಅಂದಳು. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಬಾದಾಮಿಯಲ್ಲಿ ಇಪ್ಪತ್ತರಷ್ಟು ಶಿಕ್ಷಕರು ಸೇರಿದ್ದರು. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಬೇವಿನ ಮರ, ಕೆಳಗೆ ಜಮಖಾನೆ. ಗೆಳತಿ ದಾಳಿಂಬೆ ಬಣ್ಣದ ಸೀರೆ ಉಟ್ಟಿದ್ದಳು. ಇಳಕಲ್ಲಿನ ಅಂಗಡಿಯಲ್ಲಿ ಅದನ್ನು ಆರಿಸಿಕೊಟ್ಟವಳು ನಾನು. ನನ್ನನ್ನು ನೋಡಿ ಕೈ ಬೀಸಿದಳು, ಏನೂ ಆಗಿಲ್ಲ ಎನ್ನುವ ಹಾಗೆ.

ಅವಳು ಪಾಠ ಮಾಡಿದಳು. ಹಕ್ಕಿಯ ಆಟ ಆಡಿಸಿದಳು. ನಾನು ಬರೆದದ್ದಕ್ಕಿಂತ ಚೆನ್ನಾಗಿಯೇ ಮಾಡಿದಳು, ಅದನ್ನೂ ಹೇಳಬೇಕು. ಎಲ್ಲರೂ ನಕ್ಕರು, ಕೈ ಎತ್ತಿದರು, ಕೊನೆಗೆ ಆ ಮಾತು ಬಂದಾಗ ಒಂದಿಬ್ಬರು ಬರೆದುಕೊಂಡರು. ಪ್ರಶ್ನೆ ಇದ್ದರೆ ಕೇಳಬಹುದು ಎಂದರು ಮುಖ್ಯಸ್ಥರು.

ನಾನು ಎದ್ದು ನಿಂತೆ. "ವಿಡಿಯೊದಾಗಿನ ಆ ಮೊಟ್ಟಿ ಈಗ ಏನಾಗ್ಯಾವ?"

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ಆಮೇಲೆ ಎಲ್ಲರ ಕಡೆ ತಿರುಗಿ, "ಮರಿ ಹೊರಗ ಬಂದಾವ್ರಿ. ಮೂರೂ ಆರಾಮ ಅದಾವ," ಅಂದಳು. ಚಪ್ಪಾಳೆ ಬಿತ್ತು.

ವಿಡಿಯೊ ನೋಡಿದಾಗ ಆಗದ ನೋವು ಆಗ ಆಯಿತು. ನಾನು ಕೇಳಿದ ರೀತಿಯಲ್ಲೇ, ಮೊಟ್ಟೆ ಉಳಿದಿಲ್ಲ ಎಂದೂ ಅದು ನನಗೆ ಗೊತ್ತಿದೆ ಎಂದೂ ಅವಳಿಗೆ ತಿಳಿದಿತ್ತು. ನಾನು ಸುಮ್ಮನಿರುತ್ತೇನೆ ಎನ್ನುವ ಭರವಸೆಯಲ್ಲೇ ಹೇಳಿದ್ದಳು. ಇಪ್ಪತ್ತು ವರ್ಷದ ಗೆಳೆತನವನ್ನು ಅವಳು ಆ ಗಳಿಗೆಯಲ್ಲಿ ಹೀಗೆ ಬಳಸಿಕೊಂಡಳು.

"ಇಲ್ರಿ," ಅಂದೆ. "ಹೋದ ವಾರ ನಾ ಹೋಗಿ ಮುಟ್ಟಿ ನೋಡೇನಿ. ತಣ್ಣಗಾಗ್ಯಾವ. ಒಂದು ಒಡದೈತಿ. ವಿಡಿಯೊ ನೋಡಿ ಮಂದಿ ಬಂದು ಕಲ್ಲು ಒಗದು ತಾಯಿನ್ನ ಓಡಿಸ್ಯಾರ. ಆ ಜಾಗಾ ಇವರಿಗೆ ತೋರಿಸಿದಾಕಿ ನಾನೇ. ನನ್ನದೂ ತಪ್ಪೈತಿ."

ನಾನು ಅಂದುಕೊಂಡಿದ್ದು, ಯಾರಾದರೂ ಏನಾದರೂ ಕೇಳುತ್ತಾರೆ ಎಂದು. ಮುಖ್ಯಸ್ಥರು ಗಡಿಯಾರ ನೋಡಿ, "ಇದು ಬಹಳ ಮುಖ್ಯವಾದ ಚರ್ಚೆ, ಊಟದ ನಂತರ ಮುಂದುವರಿಸೋಣ," ಅಂದರು. ಊಟದ ನಂತರ ಮುಂದುವರಿಯಲಿಲ್ಲ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ನನ್ನ ಹಿಂದಿನ ಇಬ್ಬರು, ಪಾಠ ತನಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು ಎಂದು ಮಾತಾಡಿಕೊಂಡದ್ದು ಕಿವಿಗೆ ಬಿತ್ತು.

ಮರುದಿನ, ಭಾನುವಾರ ಬೆಳಿಗ್ಗೆ ನನ್ನ ಸರದಿ ಬಂತು. ಸಲಿಕೆ ಹಿಡಿದು ಮಣ್ಣು ತೋಡಿ, ಒಂದು ಗೇಣು ಅಳೆದು ತೋರಿಸಿದೆ. ಮೊದಲು ಮುಸಿಮುಸಿ ನಕ್ಕರು. ಆಮೇಲೆ ಹಿಂದಿನ ದಿನ ಮಾತಾಡಿಕೊಂಡಿದ್ದ ಆ ಇಬ್ಬರಲ್ಲೇ ಒಬ್ಬರು, ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಒಯ್ದಾಗ ಅವರು ನೀರೇ ಕುಡಿಯುವುದಿಲ್ಲ, ಎಲ್ಲಿ ಹೋಗುವುದು ಎಂಬ ಹೆದರಿಕೆಗೆ, ಎಂದು ಹೇಳಿದರು. ಅದರ ಮೇಲೆ ಒಬ್ಬರಾದ ಮೇಲೊಬ್ಬರು ಮಾತಾಡಿದರು. ಹದಿನೈದು ನಿಮಿಷದ ಪಾಠ ಒಂದು ತಾಸು ನಡೆಯಿತು. ಯಾರೂ ಬರೆದುಕೊಳ್ಳಲಿಲ್ಲ, ಆದರೆ ಎಲ್ಲರೂ ಒಂದೊಂದು ಗುಂಡಿ ತೋಡಿದರು.

ಸಂಜೆ ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ನನ್ನ ಪಕ್ಕದ ಬೆಂಚಿಗೆ ಬಂದು ಕೂತಳು.

"ಎಲ್ಲಾರ ಮುಂದ ನನ್ನ ಮಾನಾ ತಗದಿ," ಅಂದಳು.

"ಸುಳ್ಳು ಯಾಕ ಹೇಳಿದಿ?"

ಅವಳು ಸೀರೆಯ ಸೆರಗು ಸುತ್ತುತ್ತ ಕೂತಳು. "ಇಷ್ಟ್ ವರ್ಷ ಆ ಸಾಲ್ಯಾಗ ಒಂದು ದಿನಾ ನನ್ನ ಯಾರೂ ಮುಂದ ಕರದು ನಿಲ್ಲಿಸಿಲ್ಲ. ನಿನಗೇನು ಗೊತ್ತು? ನಿನಗ ಗುಡ್ಡ ಐತಿ, ಗಿಡಾ ಅದಾವ, ನಿನ್ನ ಮಾತು ಹುಡುಗ್ರು ಕೇಳ್ತಾರ. ನನಗ ಒಮ್ಮೆ ಬಂತು ಅದು. ಒಮ್ಮೆ."

ಅವಳು ಹೇಳಿದ್ದು ನಿಜವಿರಬಹುದು. ಅವಳ ಕಣ್ಣಲ್ಲಿ ನೀರೂ ಇತ್ತು. ಆದರೆ ತಪ್ಪಾಯಿತು ಎನ್ನುವ ಮಾತಿಗೆ ನಾನು ಕಾದೆ. ಬಾಗಲಕೋಟೆ ಬಸ್ಸು ಬಂತು, ಅವಳು ಎದ್ದಳು, ಆ ಮಾತು ಬರಲಿಲ್ಲ.

ಒಂದು ತಿಂಗಳಾದ ಮೇಲೆ ಆ ವಿಡಿಯೊ ತೆಗೆದುಹಾಕಿದ್ದಾಳೆ ಎಂದು ಸಹೋದ್ಯೋಗಿಯೇ ಹೇಳಿದರು. ನನಗಾಗಿ ತೆಗೆದಳೋ, ಯಾರಾದರೂ ಹೇಳಿದ್ದಕ್ಕೆ ತೆಗೆದಳೋ ತಿಳಿಯದು. ನಾವು ಆಮೇಲೆ ಮಾತಾಡಿಲ್ಲ. ಹಬ್ಬಕ್ಕೆ ಅವಳಿಂದ ಎಲ್ಲರಿಗೂ ಕಳಿಸುವ ಶುಭಾಶಯದ ಚಿತ್ರ ಬರುತ್ತದೆ. ನಾನು ತೆರೆಯುತ್ತೇನೆ, ಉತ್ತರ ಬರೆಯಲು ಬೆರಳು ಇಡುತ್ತೇನೆ, ಬಿಡುತ್ತೇನೆ.

ನಮ್ಮ ಶಾಲೆಯ ಮಕ್ಕಳಿಗೆ ಆ ಪಾಠವನ್ನು ನಾನೇ ಮಾಡುತ್ತೇನೆ ಈಗ. ಹಕ್ಕಿಯ ಆಟ ಆಡಿಸುತ್ತೇನೆ. ಆ ಒಂದು ಮಾತು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಅದರ ಬದಲು ಮೊಟ್ಟೆಗಳ ಕತೆ ಹೇಳುತ್ತೇನೆ, ಜಾಗದ ಹೆಸರು ಬಿಟ್ಟು, ನನ್ನ ತಪ್ಪು ಬಿಡದೆ. ಹೋದ ಸಲ ಒಬ್ಬ ಹುಡುಗಿ, "ಟೀಚರ್, ನಿಮ್ಮ ಗೆಳತಿ ಈಗೂ ನಿಮ್ಮ ಗೆಳತೀನಾ?" ಎಂದು ಕೇಳಿದಳು. ಗಂಟೆ ಹೊಡೆಯಿತು.

ಗುಡ್ಡಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಕುರುಬ ಹೆಣ್ಣುಮಗಳು ನನ್ನನ್ನು ಕಂಡರೆ ಮೊದಲಿನ ಹಾಗೇ ಕರೆಯುತ್ತಾಳೆ, ಮಜ್ಜಿಗೆ ಕೊಡುತ್ತಾಳೆ, ಮಕ್ಕಳ ಓದು ವಿಚಾರಿಸುತ್ತಾಳೆ. ಈ ವರ್ಷದ ಚಳಿಯಲ್ಲಿ ಒಮ್ಮೆ ಧೈರ್ಯ ಮಾಡಿ, ಗೂಗಿ ಎಲ್ಲಾದರೂ ಕಂಡಿತೇ ಎಂದು ಕೇಳಿದೆ.

"ಇಲ್ಲವ್ವ, ಕಂಡಿಲ್ಲ," ಅಂದಳು. ಹೇಳುವಾಗ ಅವಳ ಕಣ್ಣು ಒಂದು ಸಲ ಪೂರ್ವದ ಗುಡ್ಡದ ಕಡೆ ಹೋಗಿ ಬಂತು. ಅವತ್ತು ಅವಳ ಕುರಿಗಳೆಲ್ಲ ಪಶ್ಚಿಮಕ್ಕೇ ಮೇಯುತ್ತಿದ್ದವು, ಪೂರ್ವಕ್ಕೆ ಒಂದನ್ನೂ ಬಿಟ್ಟಿರಲಿಲ್ಲ. ನಾನು ಆ ಕಡೆ ನೋಡಲಿಲ್ಲ. ಮಜ್ಜಿಗೆ ಕುಡಿದು, ತಂಬಿಗೆ ತೊಳೆದು ಕೊಟ್ಟು, ಬಂದ ದಾರಿಯಲ್ಲೇ ಇಳಿದೆ.